ಪಟ್ಟಿನ ಹೆಸರು

ನಮ್ಮನೆಯವರ ಹೆಸರನ್ನು ಇಲ್ಲಿ ಬರೆಯುತ್ತೇನೆ. ಆದರೆ ಈಗಲೇ ಅಲ್ಲ, ಅದಕ್ಕೊಂದು ಜಾಗವಿದೆ. ಓದುವವರು ಅಲ್ಲಿಯವರೆಗೆ ತಾಳಿಕೊಂಡಿರಬೇಕು. ನಾನು ಹನ್ನೊಂದು ವರ್ಷ ತಾಳಿಕೊಂಡಿರಲಿಲ್ಲವೇ?

ಈಗಂತೂ ಇವರ ಜೊತೆ ಮಾರ್ಕೆಟ್ಟಿಗೆ ಹೋಗುವುದೇ ಒಂದು ಪೀಡೆ. "ಒಂದು ಕಟ್ಟು ಚಿಗುರೆಲೆ ಕೊಡಪ್ಪ" ಎಂದು ಇವರು ಬಾಯಿ ತೆರೆದರೆ ಸಾಕು, ಎಲೆ ಮಾರುವವನು ತಟ್ಟನೆ ತಲೆಯೆತ್ತುತ್ತಾನೆ. "ಸ್ವಾಮಿ, ರೇಡಿಯೋದಲ್ಲಿ ಕುಸ್ತಿ ಹೇಳೋರು ನೀವೇ ಅಲ್ವಾ?" ಮುಖ ನೋಡಿ ಯಾರೂ ಗುರುತು ಹಿಡಿಯುವುದಿಲ್ಲ, ದನಿ ಕೇಳಿ ಹಿಡಿಯುತ್ತಾರೆ. ಆಮೇಲೆ ಮುಕ್ಕಾಲು ಗಂಟೆ ಅಲ್ಲೇ ನಿಲ್ಲಬೇಕು, ನಾನು ಚೀಲ ಹಿಡಿದುಕೊಂಡು. ರೇಡಿಯೋ ಕೇಂದ್ರ ಬೆಂಗಳೂರಿಗೆ ಹೋಗಿ ಇಷ್ಟು ವರ್ಷವಾದರೂ ದಸರೆ ಬಂತೆಂದರೆ ಇವರಿಗೇ ಹೇಳಿಕಳಿಸುತ್ತಾರೆ. ವಾರಕ್ಕೊಮ್ಮೆ ಪೇಪರಿನಲ್ಲಿ ಗರಡಿಯ ವಿಷಯ ಬರೆಯುತ್ತಾರೆ. ಬರೆಯುವುದು ಇವರು, ಕಾಗುಣಿತ ತಿದ್ದುವುದು ಕಡಕೊಳದ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ ನಾನು, ಪುಟ್ಟತಾಯಮ್ಮ.

ಇದೆಲ್ಲ ಶುರುವಾದದ್ದು ಐವತ್ತೆರಡರ ದಸರೆಯಲ್ಲಿ, ಆರೇ ಆರು ದಿನದಲ್ಲಿ.

ಆಗ ನಾವು ನಜರಬಾದಿನಲ್ಲಿದ್ದೆವು. ನಮ್ಮ ಮನೆಯಿಂದ ನಾಲ್ಕನೆಯದೇ ಜವರಯ್ಯ ಉಸ್ತಾದರ ಗರಡಿ. ಗರಡಿಗೆ ಹೆಂಗಸರು ಕಾಲಿಡುವಂತಿಲ್ಲ. ಕುಸ್ತಿ ನಡೆಯುವ ಮೈದಾನದ ಕಡೆಗೂ ನಮ್ಮ ಬೀದಿಯ ಹೆಂಗಸರು ಯಾರೂ ತಲೆ ಹಾಕುತ್ತಿರಲಿಲ್ಲ. ಹಾಗಾಗಿ ನನ್ನ ಅವಸ್ಥೆ ನೋಡಿ. ಕಟ್ಟಿಕೊಂಡ ಗಂಡ ಊರಿಗೇ ಹೆಸರಾದ ಪೈಲ್ವಾನ. ಅವರಿಗೆ ಬಾದಾಮಿ ಅರೆದು ಹಾಲು ಕಾಯಿಸಿದ್ದೇನೆ, ಕೆಮ್ಮಣ್ಣು ಮೆತ್ತಿದ ಲಂಗೋಟಿಗಳನ್ನು ಒಗೆದು ಒಗೆದು ಕೈ ಸವೆಸಿದ್ದೇನೆ. ಒಂದೇ ಒಂದು ಕುಸ್ತಿ ನೋಡಿಲ್ಲ. ಅಡುಗೆ ಮಾಡಿದವಳಿಗೆ ಊಟದ ರುಚಿ ಗೊತ್ತಿಲ್ಲದ ಹಾಗೆ.

ನಲವತ್ತೊಂಬತ್ತರ ದಸರಾ ಕುಸ್ತಿಯಲ್ಲಿ ಇವರ ಬಲ ಭುಜ ಮುರಿಯಿತು. ಹೇಗೆ ಮುರಿಯಿತು ಎಂದರೆ "ಬಿದ್ದೆ" ಎಂದರು. ಹೇಗೆ ಬಿದ್ದಿರಿ ಎಂದರೆ ಗೋಡೆ ಕಡೆ ತಿರುಗಿ ಮಲಗಿದರು. ಕಟ್ಟು ಹಾಕಿಸಿ ಮೂರು ತಿಂಗಳಿಗೆ ಮೂಳೆಯೇನೋ ಕೂಡಿತು. ಆದರೆ ಮನುಷ್ಯ ಮಾತು ಬಿಟ್ಟುಬಿಟ್ಟರು. ಅದಕ್ಕೆ ಮುಂಚೆ ಮಹಾ ಮಾತುಗಾರರು. ಊಟಕ್ಕೆ ಕೂತರೆ ಉಸ್ತಾದರ ದನಿಯಲ್ಲಿ ಬೈಯುತ್ತಿದ್ದರು, ಟಾಂಗಾದವನ ಹಾಗೆ ಕೆಮ್ಮುತ್ತಿದ್ದರು, ನಗಿಸಿ ನಗಿಸಿ ನನ್ನ ಸಾರು ಉಕ್ಕಿಸುತ್ತಿದ್ದರು. ಆಮೇಲೆ ಒಂದು ಸೌದೆ ಡಿಪೋದಲ್ಲಿ ಕಾವಲು. ಸಂಜೆ ಗರಡಿಗೆ ಹೋಗಿ ಸಿದ್ದರಾಜು ಎಂಬ ತರುಣನಿಗೆ ಒಂದಿಷ್ಟು ಹೇಳಿಕೊಡುವುದು, ಬಂದು ಮುದ್ದೆ ನುಂಗಿ ಎದ್ದುಹೋಗುವುದು. ಹೀಗೆ ಮೂರು ವರ್ಷ. ನನಗೆ ಪೈಲ್ವಾನ ಬೇಕಿರಲಿಲ್ಲ. ಮಾತಾಡುವ ಗಂಡ ವಾಪಸ್ಸು ಬೇಕಿತ್ತು.

ಅಂಥದ್ದರಲ್ಲಿ ರೇಡಿಯೋ ಕೇಂದ್ರದ ಲಕ್ಷ್ಮೀನರಸಿಂಹ ಎಂಬವರು ಗರಡಿಗೆ ಬಂದರು. ದಸರಾ ಕುಸ್ತಿಯನ್ನು ಮೈದಾನದಿಂದಲೇ ರೇಡಿಯೋದಲ್ಲಿ ಹೇಳಬೇಕು, ಕುಸ್ತಿ ಗೊತ್ತಿರುವವರು ಬೇಕು ಎಂದರಂತೆ. ಜವರಯ್ಯ ಉಸ್ತಾದರು ಮೂಲೆಯಲ್ಲಿದ್ದ ಇವರ ಕಡೆ ಗದ್ದ ಎತ್ತಿ ತೋರಿಸಿ, "ಇವ್ನ ಕರ್ಕೊಂಡೋಗಿ. ಭುಜ ಓಯ್ತು, ಬಾಯಿ ಓಗಿಲ್ಲ" ಎಂದರಂತೆ. ಅಂದು ಇವರು ಮನೆಗೆ ಬಂದು ಆ ಮಾತನ್ನು ಉಸ್ತಾದರ ದನಿಯಲ್ಲೇ ಹೇಳಿ ತೋರಿಸಿದರು. ನಾನು ಒಲೆಯ ಕಡೆ ತಿರುಗಿಕೊಂಡು ಕಣ್ಣು ಒರೆಸಿಕೊಂಡೆ.

ಬೀದಿಗೆಲ್ಲ ಒಂದೇ ರೇಡಿಯೋ, ಜವಳಿ ಅಂಗಡಿ ಷಡಕ್ಷರಿಯವರ ಮನೆಯಲ್ಲಿ. ಕುಸ್ತಿಯ ಮೊದಲ ದಿನ ಅವರ ಹೆಂಡತಿ ಪುಟ್ಟಬಸಮ್ಮ ಅದನ್ನು ಕಿಟಕಿಗೆ ತಂದಿಟ್ಟು, ಕಸೂತಿ ಬಟ್ಟೆ ಸರಿಸಿ, ಜಗಲಿ ತುಂಬ ಚಾಪೆ ಹಾಸಿದಳು. ಇಪ್ಪತ್ತು ಇಪ್ಪತ್ತೈದು ಹೆಂಗಸರು. ಎಲ್ಲರಿಗಿಂತ ಮುಂದೆ ನಮ್ಮ ಅತ್ತೆ ಕೆಂಚಮ್ಮನವರು, ಹೊಸ ಸೀರೆ ಉಟ್ಟು. ರೇಡಿಯೋದವರು ಮಗನ ಹೆಸರು ಹೇಳಿದ ಕೂಡಲೇ ಅತ್ತೆ ಪೆಟ್ಟಿಗೆಗೆ ಕೈ ಮುಗಿದರು.

ಶುರುವೇನೋ ಚೆನ್ನಾಗಿತ್ತು. ಜನ ಎಷ್ಟು ಸೇರಿದ್ದಾರೆ, ಯಾವ ಪೈಲ್ವಾನ ಯಾವ ಬಣ್ಣದ ಚಡ್ಡಿ ಹಾಕಿದ್ದಾನೆ, ಯಾರು ಮಣ್ಣು ಮುಟ್ಟಿ ನಮಸ್ಕರಿಸಿದ, ಎಲ್ಲ ಹೇಳಿದರು. ನಮ್ಮವರ ದನಿ ಆ ಪೆಟ್ಟಿಗೆಯೊಳಗಿಂದ ಬರುವಾಗ ನನ್ನ ಮೈ ಜುಮ್ಮೆಂದಿತು. "ಈಗ ಅವನು ಕೈ ಹಿಡಿದ. ಈಗ... ಈಗ..." ಎಂದರು. ಅಷ್ಟೇ. ದನಿ ನಿಂತುಹೋಯಿತು. ಮೈದಾನದ ಜನ ಹೋ ಎಂದು ಕೂಗಿದ್ದು ಕೇಳಿತು. ಆಮೇಲೆ ಇವರ ದನಿ: "ಮುಗಿಯಿತು."

"ಏನ್ ಮುಗೀತು?" ಎಂದು ಯಾರೋ ಕೇಳಿದರು. ಪುಟ್ಟಬಸಮ್ಮ ರೇಡಿಯೋ ಕೆಟ್ಟಿತೆಂದು ಅದರ ನೆತ್ತಿಗೆ ಎರಡು ಬಾರಿಸಿದಳು. ರೇಡಿಯೋ ಸರಿಯಾಗೇ ಇತ್ತು. ನಾಲ್ಕು ಕುಸ್ತಿ ನಡೆದವು, ನಾಲ್ಕರಲ್ಲೂ ಹೀಗೇ. ಯಾರು ಯಾರನ್ನು ಹೇಗೆ ಕೆಡವಿದರೆಂದು ಒಬ್ಬರಿಗೂ ತಿಳಿಯಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಅತ್ತೆ ಕೊನೆಯವರೆಗೂ ಕೂತಿದ್ದರು, ಹೊಸ ಸೀರೆಯ ಸೆರಗು ತಿರುಚುತ್ತಾ.

ಸಂಜೆ ಲಕ್ಷ್ಮೀನರಸಿಂಹ ಅವರೇ ಇವರನ್ನು ಮನೆಯವರೆಗೆ ಕರೆದುಕೊಂಡು ಬಂದರು. ಒಳ್ಳೆಯ ಮನುಷ್ಯ. ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದರು: "ತಾಯೀ, ರೇಡಿಯೋದಲ್ಲಿ ಸುಮ್ಮನಾಗೋದು ಅಂದ್ರೆ ದೀಪ ಆರಿಹೋದ ಹಾಗೆ. ಮೇಲಿನೋರು ನಾಳೆಯಿಂದಲೇ ಬೇರೆಯವರು ಅಂತಿದ್ದಾರೆ. ನಾನು ಕೇಳಿಕೊಂಡು ಒಂದು ಅವಕಾಶ ಉಳಿಸಿದ್ದೀನಿ. ಕೊನೇ ದಿನದ ಕೊನೇ ಕುಸ್ತಿ. ಆದರೆ ಅವತ್ತು ಇವರ ಹೆಸರು ಅನೌನ್ಸ್ ಮಾಡೋಹಾಗಿಲ್ಲ. ಸರಿಹೋದರೆ ಮುಂದೆ ನೋಡೋಣ. ಇಲ್ಲದಿದ್ದರೆ ಅಷ್ಟಕ್ಕೇ ಮುಗೀತು."

ಅವರು ಹೋದ ಮೇಲೆ ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡೆ. ಇವರು ಮಣೆಯ ಮೇಲೆ ಕೂತಿದ್ದರು.

"ಏನ್ರೀ ಆಯ್ತು ನಿಮಗೆ? ಎದೆಗಿದೆ ಹಿಡಕೊಂತಾ?"

"ಇಲ್ಲ ಕಣೇ."

"ಮತ್ತೆ? ಅಷ್ಟೊಂದು ಹೆಂಗಸರ ಮುಂದೆ ನಿಮ್ಮವ್ವ ಹೆಂಗೆ ಕೂತಿದ್ರು ಗೊತ್ತಾ?"

ಆಗ ಹೇಳಿದರು. ಹನ್ನೆರಡನೇ ವಯಸ್ಸಿನಲ್ಲಿ ಗರಡಿ ಸೇರಿದ ದಿನ ಉಸ್ತಾದರು ಒಂದು ಚಿಟಿಕೆ ಮಣ್ಣನ್ನು ಇವರ ನಾಲಿಗೆಯ ಮೇಲಿಟ್ಟು ಆಣೆ ಮಾಡಿಸಿದ್ದರಂತೆ. ನಿಂತು ಕುಸ್ತಿ ನೋಡುವವನು ಪಟ್ಟಿನ ಹೆಸರನ್ನು ಬಾಯಿ ಬಿಟ್ಟು ಹೇಳಬಾರದು. ಹೇಳಿದರೆ ಎದುರಾಳಿ ಎಚ್ಚರವಾಗುತ್ತಾನೆ, ಅದು ಒಬ್ಬನ ಅನ್ನಕ್ಕೆ ಮಣ್ಣು ಹಾಕಿದ ಹಾಗೆ. ಮೈಕಿನ ಮೇಜನ್ನು ಅಖಾಡದ ಪಕ್ಕದಲ್ಲೇ ಹಾಕಿದ್ದರಂತೆ. "ಪಟ್ಟು ಬೀಳೋ ಹೊತ್ತಿಗೆ ನಾಲಿಗೆ ತಾನಾಗೇ ಕಟ್ಕೊಂತು, ಪುಟ್ಟೀ. ನಾನು ಬೇಕೂಂತ ಮಾಡಿದ್ದಲ್ಲ" ಎಂದರು.

ನನಗೆ ನಗು ಬಂತು, ಸಿಟ್ಟೂ ಬಂತು. ಯಾಕೆಂದರೆ ಈ ಕಾಯಿಲೆ ನನಗೂ ಇತ್ತು. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಮ್ಮಿಯಾಗುತ್ತದೆ ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು, ನಮ್ಮ ಅತ್ತೆ ಅದಕ್ಕೆ ಕಾವಲಿದ್ದರು. ಮದುವೆಯ ದಿನ ಎಲ್ಲರೂ ಸೇರಿ ಬಲವಂತಕ್ಕೆ ಒಮ್ಮೆ ಹೇಳಿಸಿದ್ದು, ಅಷ್ಟೇ. ರೇಷನ್ ಕಾರ್ಡಿನ ಗುಮಾಸ್ತ "ಯಜಮಾನರ ಹೆಸರೇನಮ್ಮ?" ಎಂದಾಗ ನಾನು ಪುಟ್ಟಬಸಮ್ಮನನ್ನು ಮೊಣಕೈಯಲ್ಲಿ ತಿವಿದೆ, ಅವಳು ಹೇಳಿದಳು. ಅಂದಿನಿಂದ ಎಲ್ಲಿ ಹೋದರೂ ನನ್ನ ಗಂಡನ ಹೆಸರು ಹೇಳುವ ಕೆಲಸ ಅವಳದ್ದು. ಮೇಲುಕೋಟೆಯ ದೇವರ ಹೆಸರಿನಲ್ಲಿ ಇವರ ಹೆಸರಿನ ಅರ್ಧ ಬರುತ್ತದೆಂದು, ನಾನು ಆ ದೇವರನ್ನೂ "ಮೇಲುಕೋಟೆ ಸ್ವಾಮಿ" ಎಂದಷ್ಟೇ ಕರೆಯುತ್ತಿದ್ದೆ.

"ಒಂದು ಮಾತಿಗೆ ಬನ್ನಿ," ಎಂದೆ. "ನೀವು ಪಟ್ಟಿನ ಹೆಸರು ಹೇಳಿ, ನಾನು ನಿಮ್ಮ ಹೆಸರು ಹೇಳ್ತೀನಿ."

ಇವರು ಬೆಚ್ಚಿ ಬಾಗಿಲು ನೋಡಿದರು. "ಅವ್ವ ಇದಾರೆ ಕಣೇ ಹೊರಗೆ."

"ಇರ್ಲಿ." ನಾನು ಬಾಯಿ ತೆರೆದೆ. "ಚೆಲು..." ಎಂದೆ. ಈ ಮನುಷ್ಯ ನಾಳೆಯೇ ಸತ್ತುಹೋದರೆ ಎಂದು ಹೆದರಿದೆ. ಎಷ್ಟು ಪ್ರಯತ್ನಪಟ್ಟರೂ ಉಳಿದರ್ಧ ಹೊರಗೆ ಬರಲಿಲ್ಲ. ಇವರು ನನ್ನನ್ನೇ ನೋಡುತ್ತಿದ್ದವರು ನಕ್ಕುಬಿಟ್ಟರು, ಮೂರು ವರ್ಷದ ಮೇಲೆ ಮೊದಲ ಸಲ. "ಗೊತ್ತಾಯ್ತಲ್ಲ, ನನ್ನ ಪಾಡು?" ಎಂದರು.

ಆದರೆ ನಾನು ಅಷ್ಟಕ್ಕೆ ಬಿಡುವವಳಲ್ಲ. ಮರುದಿನ ಬೆಳಿಗ್ಗೆ ತಲೆ ತುಂಬ ಸೆರಗು ಹೊದ್ದು ಗರಡಿಯ ಬಾಗಿಲಿಗೆ ಹೋದೆ. ಒಳಗೆ ಕಾಲಿಡಲಿಲ್ಲ, ಬೀದಿಯಲ್ಲೇ ನಿಂತು ಉಸ್ತಾದರನ್ನು ಕರೆದೆ. ಸಾಮು ತೆಗೆಯುತ್ತಿದ್ದವರೆಲ್ಲ ಹಾವು ಕಂಡವರಂತೆ ಒಳಕ್ಕೆ ಸರಿದರು. ಜವರಯ್ಯನವರು ಹೆಗಲಿಗೆ ಟವೆಲ್ಲು ಹಾಕಿಕೊಂಡು ಹೊಸ್ತಿಲಿಗೆ ಬಂದರು.

"ಏನವ್ವ?"

"ಉಸ್ತಾದರೇ, ಪಟ್ಟು ಬೀಳೋಕೆ ಮುಂಚೆ ಹೆಸರು ಹೇಳಿದ್ರೆ ತಪ್ಪು. ಬಿದ್ದ ಮೇಲೆ ಹೇಳಿದ್ರೆ?"

ಅವರು ಮೀಸೆ ನೀವಿಕೊಂಡರು. ಇದುವರೆಗೆ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲವೆಂದು ಕಾಣುತ್ತದೆ. "ಬಿದ್ ಮ್ಯಾಲೆ ಯೋಳುದ್ರೆ ಅದು ಪಾಠ ಕಣವ್ವ. ನಾನೂ ಅಂಗೇ ತಾನೇ ಯೋಳ್ಕೊಡದು. ಆದ್ರೆ ಅಖಾಡದೋರ ಕಿವಿಗ್ ಬೀಳಬಾರ್ದು."

"ಮೈಕು ದೂರ ಇಟ್ರೆ?"

"ಇಟ್ರೆ ಆಯ್ತು. ಓಗು, ನಿನ್ ಗಂಡಂಗೆ ನಾನ್ ಒಪ್ಪಿದೀನಿ ಅಂತ ಯೋಳು. ಇನ್ನೊಂದ್ಸಲ ಇಲ್ಲಿಗ್ ಬರಬ್ಯಾಡ."

ಲಕ್ಷ್ಮೀನರಸಿಂಹ ಅವರು ಮೈಕನ್ನು ಗ್ಯಾಲರಿಯ ಮೇಲಿನ ಸಾಲಿಗೆ ಹಾಕಿಸಲು ಒಪ್ಪಿದರು. ಆಣೆಯ ತೊಡಕು ತೀರಿತು. ಇನ್ನು ಉಳಿದದ್ದು ನಾಲಿಗೆ. ಇಪ್ಪತ್ತು ವರ್ಷ ಕಟ್ಟಿಹಾಕಿದ ನಾಲಿಗೆ ಒಪ್ಪಿಗೆ ಸಿಕ್ಕಿತೆಂದು ಕುಣಿಯುತ್ತದೆಯೇ? ಅದನ್ನು ಪಳಗಿಸಬೇಕಿತ್ತು.

ನಮ್ಮ ಮನೆಯೆದುರು ಬೀದಿ ನಲ್ಲಿ. ಬೆಳಿಗ್ಗೆ ಅಲ್ಲಿ ದಿನಾ ಜಗಳ. ಇವರನ್ನು ಬಾಗಿಲಲ್ಲಿ ನಿಲ್ಲಿಸಿ, ನಾನು ಒಳಗೆ ಬೆನ್ನು ಹಾಕಿ ಕೂತು ಅಕ್ಕಿ ಆರಿಸುತ್ತಿದ್ದೆ. "ಹೇಳಿ, ಏನಾಗ್ತಿದೆ?"

"ವಸಂತಮ್ಮ ಕೊಡ ಇಟ್ಟಳು. ಇನ್ನೊಬ್ಬಳು ಅದನ್ನ ಒದ್ದಳು. ಈಗ... ಈಗ..."

"ಈಗ ಏನು? ನಂಗೆ ಕಾಣಲ್ಲ ಕಣ್ರೀ! ಯಾರ ಕೈಲಿ ಯಾರ ಜುಟ್ಟು?"

"ವಸಂತಮ್ಮನ ಜುಟ್ಟು ಅವಳ ಕೈಲಿ."

"ಎಡಗೈಲೋ ಬಲಗೈಲೋ?"

"ಬಲಗೈ! ಎಡಗೈಲಿರೋ ಕೊಡ ಬಿಟ್ಟಿಲ್ಲ!"

ಹೀಗೆ ನಾಲ್ಕು ದಿನ. ವಸಂತಮ್ಮನ ಪುಣ್ಯದಿಂದ ಇವರ ಬಾಯಿ ಸಡಿಲವಾಯಿತು. ಮಧ್ಯಾಹ್ನ ಪಟ್ಟುಗಳ ಪಾಠ. ಗರಡಿಯ ಭಾಷೆಯಲ್ಲಿ ಹೇಳಿದರೆ ನಾನು ತಲೆಯಾಡಿಸುತ್ತಿರಲಿಲ್ಲ, ಅಡುಗೆಮನೆಯ ಭಾಷೆಯಲ್ಲಿ ಹೇಳಿದರೆ ಮಾತ್ರ ಆಡಿಸುತ್ತಿದ್ದೆ. ಕಾಲಿಗೆ ಕಾಲು ಹಾಕಿ ಬಿಗಿಯುವುದು ಕತ್ತರಿ, ಅಡಕೆ ಕತ್ತರಿಸಿದ ಹಾಗೆ. ಕೆಳಗೆ ಬಿದ್ದವನ ಸೊಂಟಕ್ಕೆ ಕೈ ಹಾಕಿ ತಿರುವುವುದು, ರೊಟ್ಟಿ ಮಗುಚಿದ ಹಾಗೆ. ಬೆನ್ನು ಮಣ್ಣಿಗೆ ಮುಟ್ಟಿದರೆ ಸೋತ ಹಾಗೆ, ಹೊಟ್ಟೆಯ ಮೇಲೆ ಎಷ್ಟು ಹೊತ್ತು ಬಿದ್ದಿದ್ದರೂ ಸೋತ ಹಾಗಲ್ಲ. ಮದುವೆಯಾದ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಗಂಡನ ಕೆಲಸವೇನೆಂದು ನನಗೆ ಅರ್ಥವಾಯಿತು. ಸಂತೋಷಕ್ಕೆ ಎರಡು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ.

"ಇಷ್ಟೇನಾ ಪಟ್ಟು?" ಎಂದೆ ಕೊನೆಗೆ.

"ಇಷ್ಟೇ" ಎಂದರು. ಆದರೆ ಬಲ ಭುಜದ ಮೇಲೆ ಕೈ ಆಡಿಸುತ್ತಿದ್ದರು. ಒಂದು ಪಟ್ಟನ್ನು ಬಚ್ಚಿಟ್ಟಿದ್ದಾರೆಂದು ನನಗೆ ಗೊತ್ತಾಯಿತು. ನಾನು ಕೆದಕಲಿಲ್ಲ.

ಕೊನೆಯ ದಿನ ಬಂತು. ಕೊನೆಯ ಕುಸ್ತಿಗೆ ಜೋಡಿ ಯಾರೆಂದರೆ, ಇವರೇ ಪಾಠ ಹೇಳಿದ ಸಿದ್ದರಾಜು ಮತ್ತು ಬೆಳಗಾವಿ ಕಡೆಯ ಒಬ್ಬ ಭಾರೀ ಪೈಲ್ವಾನ. ಪುಟ್ಟಬಸಮ್ಮನ ಜಗಲಿಗೆ ಈ ಸಲ ಅರ್ಧ ಜನ ಮಾತ್ರ. ಹೊಸಬರೆಂದರೆ ಹುಣಸೂರು ಕಡೆಯಿಂದ ದಸರೆ ನೋಡಲು ಬಂದು ಅವರ ಮನೆಯಲ್ಲಿ ಉಳಿದಿದ್ದ ಒಬ್ಬ ಹೆಂಗಸು. ಅತ್ತೆ ಈ ಸಲ ಹಳೆಯ ಸೀರೆ ಉಟ್ಟು ಗೋಡೆಗೆ ಒರಗಿ ಹಿಂದೆ ಕೂತಿದ್ದರು.

"ದೊಡ್ಡಕೆರೆ ಮೈದಾನದಿಂದ..." ಎಂದು ಶುರುವಾಯಿತು. ಹೆಸರು ಹೇಳಲಿಲ್ಲ. ಪುಟ್ಟಬಸಮ್ಮ ನನ್ನ ಮುಖ ನೋಡಿದಳು, ನಾನು ರೇಡಿಯೋ ನೋಡಿದೆ.

ಆದರೆ ಆ ದನಿ! ಕಾಲಿಗೆ ಕಾಲು ಬಿತ್ತು, ಅಡಕೆಗೆ ಕತ್ತರಿ ಬಿದ್ದ ಹಾಗೆ ಎಂದರು. ಬಿಡಿಸಿಕೊಂಡ ಎಂದರು. ಯಾರ ಕೈ, ಯಾವ ಕೈ, ಎಲ್ಲ ಹೇಳುತ್ತಿದ್ದರು. ಸರ್ರೆಂದು ಜಾರಿದ, ಎಣ್ಣೆ ಹಚ್ಚಿದ ಮಗು ಅಜ್ಜಿಯ ಕೈಯಿಂದ ಜಾರಿದ ಹಾಗೆ ಎಂದಾಗ ಹೆಂಗಸರೆಲ್ಲ ನಕ್ಕರು. ಗೋಡೆಗೆ ಒರಗಿದ್ದ ಅತ್ತೆ ಸ್ವಲ್ಪ ಸ್ವಲ್ಪವೇ ಮುಂದೆ ಸರಿದು ಬಂದರು.

"ಸಿದ್ದರಾಜು ಕೈ ಚಾಚಿದ. ಬೆಳಗಾವಿ ಪೈಲ್ವಾನರು ಆ ಕೈ ಹಿಡಿದರು, ಹೆಗಲ ಮೇಲಕ್ಕೆ ಎಳಕೊಂಡರು, ಬೆನ್ನು ತಿರುಗಿಸಿದರು..."

ದನಿ ನಿಂತಿತು.

ಜನ ಹೋ ಎಂದು ಕೂಗಿದರು. ಪೆಟ್ಟಿಗೆಯಲ್ಲಿ ಗದ್ದಲ ಬಿಟ್ಟು ಬೇರೇನಿಲ್ಲ. ಅತ್ತೆ ಕಣ್ಣು ಮುಚ್ಚಿದರು. ಇದೇ ಆ ಬಚ್ಚಿಟ್ಟ ಪಟ್ಟು ಎಂದು ನನಗೆ ಗೊತ್ತಾಗಿಹೋಯಿತು. "ಹೇಳಿ, ಹೇಳ್ಬುಡಿ" ಎಂದು ನನ್ನ ಬಾಯಿ ತಾನಾಗಿ ಗೊಣಗುತ್ತಿತ್ತು. ಈಗ ಸುಮ್ಮನಾದರೆ ಈ ಮನುಷ್ಯ ಜೀವಮಾನವಿಡೀ ಸುಮ್ಮನೆ. ಸೌದೆ ಡಿಪೋ, ಮುದ್ದೆ, ಗೋಡೆ.

"ಧೋಬಿ ಪಟ್ಟು," ಎಂದಿತು ರೇಡಿಯೋ. ದನಿ ಸ್ವಲ್ಪ ಒಡೆದಿತ್ತು. "ಅಗಸ ಒದ್ದೆ ಬಟ್ಟೇನ ತಲೆ ಮೇಲಿಂದ ಎತ್ತಿ ಕಲ್ಲಿಗೆ ಬಡೀತಾನಲ್ಲ, ಹಾಗೆ ಎತ್ತಿ ಬಡಿದರು. ಆದರೆ ಸಿದ್ದರಾಜು ಗಾಳೀಲೇ ಮೈ ತಿರುಗಿಸಿದ. ಹೊಟ್ಟೆ ಮೇಲೆ ಬಿದ್ದಿದ್ದಾನೆ. ಬೆನ್ನು ಮಣ್ಣು ಮುಟ್ಟಿಲ್ಲ. ಕುಸ್ತಿ ಮುಗಿದಿಲ್ಲ!"

ಅತ್ತೆ ಕಣ್ಣು ತೆರೆದರು.

"ಬೆಳಗಾವಿಯವರು ಅವನ ಬೆನ್ನ ಮೇಲೆ ಕೂತು ಮಗುಚೋಕೆ ನೋಡ್ತಿದ್ದಾರೆ. ಇದಕ್ಕೆ ಹೊತ್ತು ಹಿಡಿಯುತ್ತೆ. ಅಲ್ಲಿವರೆಗೆ ಕೇಳುವವರಿಗೆ ಒಂದು ಮಾತು ಹೇಳ್ತೀನಿ. ಮೂರು ವರ್ಷದ ಹಿಂದೆ ಇದೇ ಅಖಾಡದಲ್ಲಿ ಇದೇ ಪಟ್ಟು ನನಗೆ ಬಿತ್ತು. ಬೀಳ್ತೀನಿ ಅಂತ ಹೆದರಿಕೊಂಡು ನಾನು ನೆಲಕ್ಕೆ ಕೈ ಊರಿದೆ. ಊರಬಾರದಿತ್ತು. ಮೈ ಭಾರವೆಲ್ಲ ಆ ಕೈ ಮೇಲೆ ಬಂತು, ಭುಜ ಹೋಯಿತು. ಹೆದರಿದೆ ಅಂತ ಹೇಳೋಕೆ ನಾಚಿಕೆಯಾಗಿ ಇವತ್ತಿನವರೆಗೂ ಮನೆಯಲ್ಲಿ ಹೇಳಿಲ್ಲ. ಸಿದ್ದರಾಜುಗೆ ನಾನು ಕಲಿಸಿದ್ದು ಇದೊಂದೇ, ಬೀಳುವಾಗ ಕೈ ಊರಬೇಡ ಅಂತ. ಇವತ್ತು ಅವನು ಊರಲಿಲ್ಲ."

ಹೆಂಡತಿಗೆ ಹೇಳಲಾಗದ್ದನ್ನು ಈ ಮಹಾರಾಯ ಊರಿಗೇ ಹೇಳಿಬಿಟ್ಟಿದ್ದರು! ನನಗೆ ಅಳು ಬಂತು. ಇಷ್ಟಕ್ಕೇ ಮೂರು ವರ್ಷ ಗೋಡೆ ನೋಡುತ್ತಾ ಮಲಗಿದ್ದರೇ? ಹೆದರಿದರೆ ಏನಾಯಿತು? ನಾನು ಇವರ ಅರ್ಧ ಹೆಸರಿಗೇ ಹೆದರಿರಲಿಲ್ಲವೇ?

ಆಮೇಲೆ ರೇಡಿಯೋ ಕೂಗತೊಡಗಿತು. ಸಿದ್ದರಾಜು ಮೊಣಕಾಲೂರಿದ, ಎದ್ದ, ಹಿಂದಕ್ಕೆ ಹೋಗಿ ಸೊಂಟ ಹಿಡಿದ. "ಎತ್ತಿದ, ಕೆಡವಿದ, ರೊಟ್ಟಿ ಮಗುಚಿದ ಹಾಗೆ ಮಗುಚಿದ! ಬೆನ್ನು ಮಣ್ಣಿಗೆ! ಚಿತ್!" ಪುಟ್ಟಬಸಮ್ಮ ನನ್ನನ್ನು ತಬ್ಬಿಕೊಂಡಳು. ವಸಂತಮ್ಮ, ನಲ್ಲಿಯ ವಸಂತಮ್ಮನೇ, ತೊಡೆ ತಟ್ಟಿ ನಿಂತಿದ್ದಳು. ಗರಡಿಯೊಳಗೆ ಹೆಜ್ಜೆಯಿಡದ ಅಷ್ಟೂ ಹೆಂಗಸರು ಅಂದು ಕುಸ್ತಿ ನೋಡಿದೆವು.

ಗದ್ದಲ ಇಳಿದಾಗ ಹುಣಸೂರಿನ ಹೆಂಗಸು ಕೇಳಿದಳು. "ಅಲ್ಲಾ ಕಣ್ರವ್ವಾ, ಇಷ್ಟ್ ಚೆಂದಾಗಿ ಯೋಳುದ್ರಲ್ಲ, ಯಾರ್ ಅವ್ರು? ಎಸರೇ ಯೋಳ್ಲಿಲ್ವಲ್ಲ ರೇಡಿಯೋದೋರು?"

ಪುಟ್ಟಬಸಮ್ಮ ರೂಢಿಯಂತೆ ಬಾಯಿ ತೆರೆದಳು. ನಾನು ಅವಳ ಕೈ ಹಿಡಿದು ತಡೆದೆ. ಅತ್ತೆ ತಿರುಗಿ ನನ್ನನ್ನೇ ನೋಡಿದರು. ಅಡುಗೆಮನೆಯಲ್ಲಿ ಒಪ್ಪಿದ ಮಾತು ನೆನಪಾಯಿತು. ಅವರು ತಮ್ಮ ಮಾತು ನಡೆಸಿದ್ದರು. ಇನ್ನು ನನ್ನ ಪಾಳಿ.

"ಚೆಲುವರಾಜು" ಎಂದೆ. ನನಗೇ ಸರಿಯಾಗಿ ಕೇಳದಷ್ಟು ಮೆಲ್ಲಗೆ.

ಅತ್ತೆ ನೆಲಕ್ಕೆ ಕೈ ಊರಿ ಎದ್ದರು, ನನ್ನ ಹತ್ತಿರ ಬಂದರು. ಬೈಗುಳಕ್ಕೆ ನಾನು ತಲೆ ತಗ್ಗಿಸಿದೆ. ಅವರು ಹಳೆಯ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಗದ್ದ ಹಿಡಿದು ಮೇಲೆತ್ತಿದರು.

"ಜೋರಾಗ್ ಯೋಳವ್ವ," ಎಂದರು. "ಆವಮ್ಮಂಗೆ ಕೇಳಿಸ್ನಿಲ್ಲ."